ಕುಚೇಷ್ಟೆಯ ಲಿಂಕೂ ಅದು ಉಳಿಸಿಹೋಗುವ ಭಯವೂ

ರಾತ್ರಿಯ ಊಟ ಮುಗಿದು, ಮನೆಯ ದೀಪಗಳು ಒಂದೊಂದಾಗಿ ಆರಿ, ಮಲಗುವ ಮುನ್ನ ಒಮ್ಮೆ ಕಂಪ್ಯೂಟರನ್ನು ನೋಡಿಬಿಡೋಣವೆಂದು ಕುಳಿತ ಹೊತ್ತಿಗೆ, ಹಳೆಯ ಸಹಪಾಠಿಯೊಬ್ಬರಿಂದ ಒಂದು ಲಿಂಕ್ ಬಂದಿರುತ್ತದೆ, 'ಇದನ್ನು ನೋಡಿದೆಯಾ?' ಎಂಬ ಎರಡು ಮಾತಿನ ಹೊರತು ಅದರೊಡನೆ ಬೇರೆ ವಿವರಣೆಯಿಲ್ಲ. ಕ್ಲಿಕ್ ಮಾಡಿದ್ದೇ ತಡ, ಪರದೆ ಬಣ್ಣಗೆಡುತ್ತದೆ, ಕರ್ಕಶವಾದ ನಗೆಯೊಂದು ಮನೆಯೆಲ್ಲ ಮೊಳಗುತ್ತದೆ, ಕಿಟಕಿಯ ಮೇಲೆ ಕಿಟಕಿ ತೆರೆದುಕೊಳ್ಳುತ್ತದೆ. ಒಂದನ್ನು ಮುಚ್ಚಿದರೆ ಎರಡು ಹುಟ್ಟಿ, ಎರಡನ್ನು ಮುಚ್ಚಿದರೆ ನಾಲ್ಕು ಹುಟ್ಟಿ, ಕಡೆಗೆ ಬೇರೇನೂ ತೋಚದೆ ವಿದ್ಯುತ್ತಿನ ಗುಂಡಿಯನ್ನೇ ಒತ್ತಿ ಹಿಡಿದು ಯಂತ್ರವನ್ನು ಆರಿಸಬೇಕಾಗುತ್ತದೆ.

ಸದ್ದಡಗಿದ ಮೇಲೆ ಮೊದಲಾಗುವುದೇ ನಿಜವಾದ ಸಂಕಟ. ಯಂತ್ರದೊಳಗೆ ಏನು ಹೊಕ್ಕಿತು? ಬ್ಯಾಂಕಿನ ಪಾಸ್‌ವರ್ಡ್ ಯಾರ ಕೈಗಾದರೂ ಸೇರಿತೇ? ಮಕ್ಕಳ ಫೋಟೋಗಳು, ಕಚೇರಿಯ ಕಾಗದಪತ್ರಗಳು, ಎಷ್ಟೋ ವರ್ಷಗಳ ಪತ್ರವ್ಯವಹಾರ ಇವೆಲ್ಲ ಇನ್ನೂ ತನ್ನವಾಗಿಯೇ ಉಳಿದಿವೆಯೇ? ಲಿಂಕ್ ಕಳುಹಿಸಿದಾತನು 'ಬರೀ ತಮಾಷೆ ಮಾರಾಯ' ಎಂದು ನಕ್ಕು ಸಮಾಧಾನ ಹೇಳಿದರೂ, ಆ ರಾತ್ರಿಯ ನಿದ್ರೆ ಹೋದದ್ದು ಹೋಯಿತು. ಮರುದಿನವೂ ಯಂತ್ರವು ಕೊಂಚ ನಿಧಾನವಾದರೆ ಸಾಕು, ಎದೆ ಧಸಕ್ಕೆನ್ನುತ್ತದೆ.

ಈ ಭಯವನ್ನು ಅಜ್ಞಾನವೆಂದು ತಳ್ಳಿಹಾಕುವುದು ಅನ್ಯಾಯ. ಮನುಷ್ಯನು ತನ್ನ ಹಣ, ಮಾತು, ನೆನಪುಗಳೆಲ್ಲವನ್ನೂ ತಾನು ಒಳಹೊಕ್ಕು ನೋಡಲಾರದ ಒಂದು ಯಂತ್ರಕ್ಕೆ ಒಪ್ಪಿಸಿರುವ ಕಾಲದಲ್ಲಿ, ಆ ಯಂತ್ರವು ತನ್ನ ಮಾತು ಕೇಳದೆ ಕ್ಷಣಕಾಲ ಅನ್ಯರ ಮಾತು ಕೇಳಿತೆಂದರೆ ಅಂಜಿಕೆ ಹುಟ್ಟುವುದು ಸಹಜ. ಆದರೆ ಆ ಅಂಜಿಕೆಯು ಬಹುಮಟ್ಟಿಗೆ ನೋಡಬೇಕಾದ ದಿಕ್ಕನ್ನು ಬಿಟ್ಟು ಬೇರೆ ದಿಕ್ಕನ್ನು ನೋಡುತ್ತಿರುತ್ತದೆಂಬುದನ್ನು ಹೇಳಲೇಬೇಕಾಗಿದೆ. ಕ್ಲಿಕ್ಕಿನಿಂದಾಗುವ ಕೇಡು ಸಾಮಾನ್ಯವಾಗಿ ಅಲ್ಪ; ಕ್ಲಿಕ್ಕಿನ ಅನಂತರ, ಗಾಬರಿಯ ಭರದಲ್ಲಿ ನಾವೇ ಇಡುವ ಎರಡನೆಯ ಹೆಜ್ಜೆಯಿಂದಾಗುವ ಕೇಡು ಅನಲ್ಪ.

ಚೇಷ್ಟೆಯ ಪೂರ್ವಚರಿತ್ರೆ

ಕಂಪ್ಯೂಟರ್ ವೈರಸ್ಸಿನ ಇತಿಹಾಸವೇ ಕುಚೇಷ್ಟೆಯಿಂದ ಆರಂಭವಾಗುತ್ತದೆಂದರೆ ಹೆಚ್ಚು ತಪ್ಪಾಗಲಾರದು. 1982ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ಪ್ರಾಂತದ ರಿಚ್ ಸ್ಕ್ರೆಂಟಾ ಎಂಬ ಹೈಸ್ಕೂಲು ವಿದ್ಯಾರ್ಥಿ, ಆಪಲ್ ಟು ಯಂತ್ರಗಳಿಗಾಗಿ 'ಎಲ್ಕ್ ಕ್ಲೋನರ್' ಎಂಬುದನ್ನು ಬರೆದನು. ಆಗ ಅವನಿಗೆ 15 ವರ್ಷ. ಗೆಳೆಯರು ಒಬ್ಬರಿಂದೊಬ್ಬರು ಪಡೆಯುತ್ತಿದ್ದ ಫ್ಲಾಪಿಗಳ ಮೂಲಕ ಅದು ಯಂತ್ರದಿಂದ ಯಂತ್ರಕ್ಕೆ ಹಬ್ಬುತ್ತಿತ್ತು. ಸೋಂಕಿದ ಫ್ಲಾಪಿಯಿಂದ 50ನೆಯ ಸಲ ಯಂತ್ರವನ್ನು ಚಾಲೂ ಮಾಡಿದಾಗ ಪರದೆಯ ಮೇಲೆ ಒಂದು ಚಿಕ್ಕ ಪದ್ಯ ಮೂಡುತ್ತಿತ್ತು. ಕದಿಯುವ ಉದ್ದೇಶವಾಗಲಿ, ನಾಶಗೊಳಿಸುವ ಉದ್ದೇಶವಾಗಲಿ ಅದಕ್ಕಿರಲಿಲ್ಲ.

ಅಂತರ್ಜಾಲವು ಮನೆಮನೆಗೆ ಬಂದ ಮೇಲೆ ಈ ಚೇಷ್ಟೆಗೆ ಫ್ಲಾಪಿಯ ಹಂಗು ತಪ್ಪಿತು. ಕಳೆದ ದಶಕಗಳಲ್ಲಿ ಕಂಪ್ಯೂಟರ್ ಕೋಣೆಗಳಲ್ಲಿ ಕುಳಿತಿದ್ದವರಿಗೆ, 'ನೀನೊಬ್ಬ ಮೂರ್ಖ' ಎಂದು ಇಂಗ್ಲಿಷಿನಲ್ಲಿ ಹಾಡುತ್ತ, ಕಪ್ಪುಬಿಳುಪಿನ ನಗೆಮೊಗಗಳನ್ನು ಮಿನುಗಿಸುತ್ತ, ಪುಟ್ಟ ಕಿಟಕಿಗಳಾಗಿ ಒಡೆದು ಪರದೆಯ ತುಂಬ ನೆಗೆದಾಡುತ್ತಿದ್ದ ಆ ಪುಟದ ನೆನಪಿರಬಹುದು. ಅಂದಿನ ಬ್ರೌಸರುಗಳು ಯಾವ ಪುಟಕ್ಕಾದರೂ ಎಷ್ಟು ಕಿಟಕಿಗಳನ್ನಾದರೂ ತೆರೆಯಲು ಅವಕಾಶ ಕೊಡುತ್ತಿದ್ದವಾದುದರಿಂದ, ಯಂತ್ರದ ಶಕ್ತಿಯೆಲ್ಲ ಆ ಕುಣಿತಕ್ಕೇ ವ್ಯಯವಾಗಿ, ಮತ್ತೆ ಹೊಸದಾಗಿ ಚಾಲೂ ಮಾಡುವುದಲ್ಲದೆ ಬೇರೆ ಮಾರ್ಗವಿರುತ್ತಿರಲಿಲ್ಲ. 2007ರ ಹೊತ್ತಿಗೆ, ಏನನ್ನೋ ತೋರಿಸುವೆನೆಂದು ಆಸೆ ಹುಟ್ಟಿಸಿ ರಿಕ್ ಆಸ್ಟ್ಲಿಯ 1987ರ ಗೀತೆಯೊಂದಕ್ಕೆ ಕೊಂಡೊಯ್ದು ಬಿಡುವ, ನಿರಪಾಯವಾದ ಇನ್ನೊಂದು ಪರಿಪಾಠ ಜಗತ್ತಿನಲ್ಲೆಲ್ಲ ಹರಡಿತು.

ಇವುಗಳ ಮಗ್ಗುಲಲ್ಲಿಯೇ ಘೋರವಾದ ಉದಾಹರಣೆಗಳೂ ಬೆಳೆದವು. 2000ದ ಮೇ 4ರಂದು ಫಿಲಿಪ್ಪೀನ್ಸ್ ದೇಶದಿಂದ ಹೊರಟ 'ಐ ಲವ್ ಯೂ' ಎಂಬ ಇ-ಮೇಲ್, ಪ್ರೇಮಪತ್ರದ ವೇಷ ತೊಟ್ಟು ಜಗತ್ತನ್ನೇ ಸುತ್ತಿ, ಲಕ್ಷಾಂತರ ಯಂತ್ರಗಳಲ್ಲಿದ್ದ ಚಿತ್ರಗಳನ್ನೂ ಕಡತಗಳನ್ನೂ ಅಳಿಸಿಹಾಕಿತು. ನಮ್ಮ ಇಂದಿನ ಭಯದ ಬೇರು ಬಹುಶಃ ಅಲ್ಲಿದೆ. ಆದರೆ ಅಂದು ಕೇಡಾದುದು ಪತ್ರವನ್ನು ಓದಿದ್ದರಿಂದಲ್ಲ, ಅದರೊಡನೆ ಬಂದ ಕಡತವನ್ನು ತೆರೆದು ಓಡಿಸಿದ್ದರಿಂದ. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗಿ ತಿಳಿದೀತು.

ಬ್ರೌಸರಿನ ಜಗಲಿ

ಲಿಂಕನ್ನು ಒತ್ತಿದಾಗ ಆಗುವುದಿಷ್ಟು: ದೂರದ ಯಾವುದೋ ಯಂತ್ರದಿಂದ ಒಂದು ಪುಟವೂ, ಆ ಪುಟದೊಳಗೆ ಅಡಗಿದ ಚಿಕ್ಕ ಕಾರ್ಯಕ್ರಮವೂ ನಮ್ಮ ಬ್ರೌಸರಿಗೆ ಬಂದಿಳಿಯುತ್ತವೆ. ಆ ಕಾರ್ಯಕ್ರಮದ ಭಾಷೆ ಜಾವಾಸ್ಕ್ರಿಪ್ಟ್; 1995ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯಲ್ಲಿ ಬ್ರೆಂಡನ್ ಐಕ್ ಎಂಬವರು ಅದನ್ನು ಕೆಲವೇ ದಿನಗಳಲ್ಲಿ ರೂಪಿಸಿದರು. ಅಪರಿಚಿತರು ಬರೆದ ಕಾರ್ಯಕ್ರಮವನ್ನು ನಮ್ಮ ಯಂತ್ರದಲ್ಲಿ ನಡೆಸಲು ಬಿಡುವುದಾದರೆ ಅದಕ್ಕೆ ಕಟ್ಟುಪಾಡು ಬೇಕೆಂಬುದು ಆಗಿನಿಂದಲೇ ವಿದಿತವಾಗಿದ್ದಿತು.

ಮಲೆನಾಡಿನ ಹಳೆಯ ಮನೆಗಳಲ್ಲಿ ದಾರಿಹೋಕನಿಗೆ ಜಗಲಿಯ ತನಕ ಪ್ರವೇಶವಿರುತ್ತಿತ್ತು. ಅಲ್ಲಿ ಅವನು ಕೂರಬಹುದು, ಕೂಗಬಹುದು, ಕಂಬವನ್ನು ಗುದ್ದಿ ಮನೆಮಂದಿಯ ನಿದ್ರೆಯನ್ನು ಕೆಡಿಸಲೂಬಹುದು, ಆದರೆ ಬಾಗಿಲು ದಾಟಿ ನಡುಮನೆಗೆ ಬರಬೇಕಾದರೆ ಮನೆಯವರ ಅಪ್ಪಣೆ ಬೇಕು. ಬ್ರೌಸರು ಪುಟಕ್ಕೆ ಕೊಡುವ ಸ್ಥಾನವೂ ಈ ಜಗಲಿಯಷ್ಟೇ. ಪುಟವು ಚಿತ್ರ ಬರೆಯಬಲ್ಲದು, ಸದ್ದು ಮಾಡಬಲ್ಲದು, ಎಚ್ಚರಿಕೆಯ ಚೌಕಗಳನ್ನು ಎಬ್ಬಿಸಬಲ್ಲದು, ಪ್ರೊಸೆಸರನ್ನು ದುಡಿಸಿ ದುಡಿಸಿ ಬಿಸಿಯೇರಿಸಬಲ್ಲದು. ನಿಮ್ಮ ಕಡತಗಳನ್ನು ತಾನಾಗಿ ತೆರೆದು ಓದಲಾರದು, ಇನ್ನೊಂದು ಟ್ಯಾಬಿನಲ್ಲಿರುವ ಬ್ಯಾಂಕಿನ ಪುಟವನ್ನು ಇಣುಕಲಾರದು. ಕ್ಯಾಮರಾ, ಮೈಕ್, ನೀವಿರುವ ಸ್ಥಳದ ಗುರುತು ಇವುಗಳಲ್ಲಿ ಯಾವುದು ಬೇಕಾದರೂ ಮೊದಲು ನಿಮ್ಮ ಒಪ್ಪಿಗೆಯನ್ನು ಕೇಳಬೇಕು.

2008ರಲ್ಲಿ ಬಂದ ಕ್ರೋಮ್ ಬ್ರೌಸರು ಒಂದೊಂದು ಟ್ಯಾಬನ್ನೂ ಪ್ರತ್ಯೇಕಿಸಿ, ಒಂದು ಕುಸಿದರೆ ಮತ್ತೊಂದು ಕುಸಿಯದಂತೆಯೂ, ಪುಟದ ಕಾರ್ಯಕ್ರಮವು ಯಂತ್ರದ ಉಳಿದ ಭಾಗಗಳನ್ನು ಮುಟ್ಟದಂತೆಯೂ ಏರ್ಪಡಿಸಿತು. ಕಾಲಕ್ರಮದಲ್ಲಿ ಇತರ ಬ್ರೌಸರುಗಳೂ ಅದೇ ಮಾರ್ಗವನ್ನು ಹಿಡಿದವು. ಈ ವ್ಯವಸ್ಥೆಗೆ ಬಲುಕಾಲ ಬಿರುಕಾಗಿದ್ದ ಫ್ಲಾಶ್ ಎಂಬ ಸಾಧನಕ್ಕೆ 2020ರ ಡಿಸೆಂಬರ್ 31ರಂದು ಅದರ ಒಡೆತನ ಹೊಂದಿದ್ದ ಅಡೋಬಿ ಸಂಸ್ಥೆಯೇ ತನ್ನ ಬೆಂಬಲವನ್ನು ನಿಲ್ಲಿಸಿತು. ನೆಗೆದಾಡುವ ನಗೆಮೊಗಗಳು ಬದುಕಿದ್ದುದು ಆ ಫ್ಲಾಶಿನ ಆಶ್ರಯದಲ್ಲಿಯೇ.

ಕೆಲವು ಪುಟಗಳು ನಿಮ್ಮನ್ನು ಬೆದರಿಸಲು ನಿಮ್ಮದೇ ಐಪಿ ವಿಳಾಸವನ್ನು ದೊಡ್ಡಕ್ಷರದಲ್ಲಿ ತೋರಿಸಿ, 'ನೀನು ಎಲ್ಲಿರುವೆಯೆಂದು ಬಲ್ಲೆ' ಎಂದು ಹೇಳುವುದುಂಟು. ನೀವು ತೆರೆಯುವ ಪ್ರತಿಯೊಂದು ತಾಣಕ್ಕೂ ಆ ವಿಳಾಸ ಗೊತ್ತಾಗಿಯೇ ಆಗುತ್ತದೆ. ಗೊತ್ತಾಗದಿದ್ದರೆ ಪುಟವನ್ನು ಕಳುಹಿಸುವುದಾದರೂ ಎಲ್ಲಿಗೆ? ಅದರಿಂದ ನಿಮಗೆ ಇಂಟರ್ನೆಟ್ ಒದಗಿಸುವ ಕಂಪನಿ ಯಾವುದು, ಸುಮಾರಾಗಿ ಯಾವ ಊರಿನ ಕಡೆಯವರು ಎಂಬಷ್ಟನ್ನು ಊಹಿಸಬಹುದಲ್ಲದೆ, ಮನೆಯ ಬಾಗಿಲನ್ನು ಕಂಡುಹಿಡಿಯಲಾಗುವುದಿಲ್ಲ.

ಫೋನನ್ನು ಕೆಡವಿದ ಅಕ್ಷರ

ಜಗಲಿಯಲ್ಲಿದ್ದುಕೊಂಡೇ ಎಷ್ಟು ಉಪದ್ರವ ಕೊಡಬಹುದೆಂಬುದಕ್ಕೆ 2016ರ ಜನವರಿಯ 'ಕ್ರ್ಯಾಶ್ ಸಫಾರಿ' ನಿದರ್ಶನ. ಆ ಹೆಸರಿನ ಲಿಂಕನ್ನು ಒತ್ತಿದರೆ, ಬ್ರೌಸರಿನ ವಿಳಾಸಪಟ್ಟಿಗೆ ಬೆಳೆಯುತ್ತಲೇ ಹೋಗುವ ಅಕ್ಷರಮಾಲೆಯೊಂದನ್ನು ಪುಟವು ಮತ್ತೆ ಮತ್ತೆ ತುಂಬಿಸಿ, ಐಫೋನು ಬಿಸಿಯಾಗಿ, ಸ್ತಬ್ಧವಾಗಿ, ತಾನಾಗಿಯೇ ಆರಿ ಹೊತ್ತಿಕೊಳ್ಳುತ್ತಿತ್ತು. ವಿಳಾಸವನ್ನು ಕಿರಿದುಗೊಳಿಸುವ ಸೇವೆಗಳ ಮರೆಯಲ್ಲಿ ಅದನ್ನಡಗಿಸಿ ಜನ ಒಬ್ಬರಿಗೊಬ್ಬರು ಕಳುಹಿಸಿ ಆನಂದಪಟ್ಟರು. ಫೋನು ಮತ್ತೆ ಚಾಲೂ ಆದ ಮೇಲೆ ಎಲ್ಲವೂ ಮೊದಲಿನಂತೆಯೇ ಇರುತ್ತಿತ್ತು.

ಇದಕ್ಕಿಂತ ವಿಚಿತ್ರವಾದುದು, ನಮ್ಮ ನೆರೆಯ ಲಿಪಿಗೆ ಸಂಬಂಧಿಸಿದುದು, 2018ರ ಫೆಬ್ರುವರಿಯಲ್ಲಿ ನಡೆಯಿತು. ತೆಲುಗಿನ 'ಜ್ಞಾ' ಎಂಬ ಸಂಯುಕ್ತಾಕ್ಷರವು ಒಂದು ವಿಶಿಷ್ಟ ಕ್ರಮದಲ್ಲಿ ಐಫೋನಿಗೆ ಬಂದರೆ, ಅದನ್ನು ಪರದೆಯ ಮೇಲೆ ಬರೆಯಲು ತಿಳಿಯದೆ ಆ್ಯಪ್‌ಗಳೇ ಕುಸಿದುಬೀಳುತ್ತಿದ್ದವು. ಅಕ್ಷರದಲ್ಲಿ ದೋಷವಿರಲಿಲ್ಲ, ಒತ್ತು, ಗುಣಿತ, ಅದೃಶ್ಯ ಚಿಹ್ನೆಗಳು ಒಟ್ಟಿಗೆ ಸೇರುವ ನಮ್ಮ ದಕ್ಷಿಣದ ಲಿಪಿಗಳ ಸೂಕ್ಷ್ಮವನ್ನು ಅಕ್ಷರ ಬಿಡಿಸುವ ತಂತ್ರಾಂಶವು ಸರಿಯಾಗಿ ಗ್ರಹಿಸಿರಲಿಲ್ಲ. ಅಷ್ಟರಲ್ಲಿಯೇ ಕುಚೇಷ್ಟೆಗಾರರು ಅದನ್ನು ಅಸ್ತ್ರವಾಗಿ ಮಾಡಿಕೊಂಡು ಸಂದೇಶಗಳಲ್ಲಿಯೂ ತಮ್ಮ ಹೆಸರುಗಳಲ್ಲಿಯೂ ಸೇರಿಸತೊಡಗಿದರು. ಅದೇ ತಿಂಗಳ 19ರಂದು ಆಪಲ್ ಸಂಸ್ಥೆ ತಿದ್ದುಪಡಿಯನ್ನು ಹೊರತಂದಿತು. ಕೋಟ್ಯಂತರ ಜನ ನಿತ್ಯ ಓದುವ ಲಿಪಿಯೊಂದು ಕೆಲವು ದಿನಗಳ ಕಾಲ ಜಗತ್ತಿನ ಕಣ್ಣಿಗೆ ವೈರಸ್ಸಿನಂತೆ ಕಂಡಿತೆಂಬುದು ನಮಗೆ ನೋವಿನ ಸಂಗತಿಯೇ.

ಹದಿಮೂರರ ಬಾಲಕಿಯ ಪ್ರಕರಣ

ಚೇಷ್ಟೆಗೂ ಅಪರಾಧಕ್ಕೂ ನಡುವಣ ಗೆರೆ ಎಲ್ಲಿದೆಯೆಂಬ ಪ್ರಶ್ನೆಯನ್ನು ಜಪಾನ್ ದೇಶವು 2019ರಲ್ಲಿ ಬಹು ಕಠಿಣವಾದ ರೀತಿಯಲ್ಲಿ ಎದುರಿಸಬೇಕಾಯಿತು. ಆ ವರ್ಷದ ಮಾರ್ಚ್ ತಿಂಗಳಲ್ಲಿ ಹ್ಯೋಗೊ ಪ್ರಾಂತದ ಪೋಲೀಸರು, ಒಂದು ಕುಚೇಷ್ಟೆಯ ಪುಟದ ಲಿಂಕನ್ನು ಅಂತರ್ಜಾಲದಲ್ಲಿ ಹಾಕಿದಳೆಂಬ ಕಾರಣಕ್ಕೆ 13 ವರ್ಷದ ಶಾಲಾಬಾಲಕಿಯೊಬ್ಬಳನ್ನು ವಿಚಾರಣೆಗೆ ಗುರಿಪಡಿಸಿದರು; ಅದೇ ಕೃತ್ಯಕ್ಕಾಗಿ ಇಬ್ಬರು ಗಂಡಸರ ಮನೆಗಳನ್ನು ಶೋಧಿಸಿ, ಅವರ ಮೇಲಣ ಪ್ರಕರಣವನ್ನು ಅಭಿಯೋಜಕರಿಗೆ ಒಪ್ಪಿಸಿದರು.

ಆ ಪುಟವು ಮಾಡುತ್ತಿದ್ದುದಾದರೂ ಏನು? ಎಷ್ಟು ಸಲ ಮುಚ್ಚಿದರೂ ಪ್ರಯೋಜನವಿಲ್ಲವೆಂಬ ಅರ್ಥದ ಒಂದು ಮಾತನ್ನು ಚೌಕದಲ್ಲಿ ತೋರಿಸುವುದು. ಮುಚ್ಚಿದೊಡನೆ ಅದನ್ನೇ ಮತ್ತೆ ತೋರಿಸುವುದು. ಕೊನೆಯಿಲ್ಲದ ಒಂದು ಆವರ್ತನ, ಅದರೊಳಗೆ ಎಚ್ಚರಿಕೆಯ ಚೌಕವನ್ನು ಎಬ್ಬಿಸುವ ಒಂದು ಆಜ್ಞೆ, ಇಷ್ಟೇ ಅದರ ಸತ್ವ. ಕಾರ್ಯಕ್ರಮ ರಚನೆಯನ್ನು ಕಲಿಯಲು ಹೊರಟ ವಿದ್ಯಾರ್ಥಿ ಮೊದಲ ವಾರದಲ್ಲಿಯೇ, ಎಷ್ಟೋ ಸಲ ಅಚಾತುರ್ಯದಿಂದಲೇ, ಬರೆದುಬಿಡುವಂಥದು. ಟ್ಯಾಬನ್ನೋ ಬ್ರೌಸರನ್ನೋ ಮುಚ್ಚಿದರೆ ಅದರ ಆಟ ಮುಗಿಯಿತು. ಬಾಲಕಿ ಆ ಪುಟವನ್ನು ರಚಿಸಿದವಳೂ ಅಲ್ಲ. ಬೇರೆಯವರು ಮಾಡಿಟ್ಟುದರ ವಿಳಾಸವನ್ನು ಹಂಚಿದವಳು ಮಾತ್ರ.

ಪೋಲೀಸರು ಆಧಾರವಾಗಿ ಹಿಡಿದದ್ದು 2011ರಲ್ಲಿ ಜಪಾನಿನ ದಂಡಸಂಹಿತೆಗೆ ಸೇರಿಸಲಾದ ವಿಧಿಯನ್ನು. ಬಳಕೆದಾರನ ಇಚ್ಛೆಗೆ ವಿರುದ್ಧವಾಗಿ ಯಂತ್ರಕ್ಕೆ ಅಕ್ರಮ ಆಜ್ಞೆ ಕೊಡುವ ಕಾರ್ಯಕ್ರಮವನ್ನು ಸೃಷ್ಟಿಸುವುದೂ ಒದಗಿಸುವುದೂ ಅಪರಾಧವೆಂದು ಅದು ಹೇಳುತ್ತದೆ. ವೈರಸ್ ಬರೆಯುವವರಿಗಾಗಿ ನಿರ್ಮಿಸಿದ ಬಲೆಯಲ್ಲಿ ಮಗುವೊಂದು ಸಿಕ್ಕಿಬಿದ್ದುದನ್ನು ಕಂಡು ಜಪಾನಿನ ತಂತ್ರಜ್ಞರು ತಲ್ಲಣಿಸಿದರು. ಅವರಲ್ಲೊಬ್ಬರು ಅಂಥದೇ ಆವರ್ತನೆಯ ಕಾರ್ಯಕ್ರಮವನ್ನು ಗಿಟ್‌ಹಬ್ ತಾಣದಲ್ಲಿ 'ಬನ್ನಿ, ಬಂಧಿತರಾಗೋಣ' ಎಂಬ ಅರ್ಥದ ಶೀರ್ಷಿಕೆಯೊಡನೆ ಬಹಿರಂಗವಾಗಿ ಇರಿಸಿ ಪ್ರತಿಭಟಿಸಿದರು. ಮೇ ತಿಂಗಳಲ್ಲಿ ಆ ಇಬ್ಬರು ಗಂಡಸರ ಮೇಲೆ ಮೊಕದ್ದಮೆ ಹೂಡದಿರಲು ಅಭಿಯೋಜಕರು ನಿರ್ಧರಿಸಿದರು.

ಇದೇ ವಿಧಿಯ ಮೇರೆಗೆ ನಡೆದ ಇನ್ನೊಂದು ಮೊಕದ್ದಮೆ ದೀರ್ಘಕಾಲ ಸಾಗಿತು. ತನ್ನ ತಾಣಕ್ಕೆ ಬಂದವರ ಯಂತ್ರಶಕ್ತಿಯನ್ನು, ಅವರಿಗೆ ತಿಳಿಸದೆ, 'ಕಾಯಿನ್‌ಹೈವ್' ಎಂಬ ಸಾಧನದ ಮೂಲಕ ಡಿಜಿಟಲ್ ನಾಣ್ಯದ ಗಳಿಕೆಗೆ ಬಳಸಿದ ವ್ಯಕ್ತಿಯೊಬ್ಬರನ್ನು ಕೆಳಗಣ ನ್ಯಾಯಾಲಯ ಬಿಟ್ಟಿತು, ಟೋಕಿಯೊ ಉಚ್ಚ ನ್ಯಾಯಾಲಯ ದಂಡಿಸಿತು, ಕೊನೆಗೆ 2022ರ ಜನವರಿ 20ರಂದು ಸರ್ವೋಚ್ಚ ನ್ಯಾಯಾಲಯ ನಿರ್ದೋಷಿಯೆಂದು ಸಾರಿತು. ಬಳಕೆದಾರನ ಇಚ್ಛೆಗೆ ಅದು ವಿರುದ್ಧವಾಗಿದ್ದರೂ, ಯಂತ್ರದ ಮೇಲಾದ ಪರಿಣಾಮ ಅಲ್ಪವಾದುದರಿಂದ ಅದನ್ನು ಅಕ್ರಮವೆನ್ನಲಾಗದೆಂಬುದು ತೀರ್ಪಿನ ತಿರುಳು. ಕಿರಿಕಿರಿಯೂ ಹಾನಿಯೂ ಒಂದೇ ಅಲ್ಲವೆಂಬ ಈ ವಿವೇಕ ಮೂರು ವರ್ಷ ಮೊದಲೇ ಉದಿಸಿದ್ದರೆ, ಆ ಬಾಲಕಿಯ ಮನೆಗೆ ಅಂಥ ದಿನಗಳು ಬರುತ್ತಿರಲಿಲ್ಲ.

ಒಂದೇ ಕ್ಲಿಕ್ಕಿಗೆ ಸೋತ ಬಾಗಿಲು

ಹಾಗಾದರೆ ಬಾಗಿಲು ಎಂದೂ ಮುರಿಯುವುದಿಲ್ಲವೇ? ಮುರಿಯುವುದುಂಟು, ಅದನ್ನು ಮರೆಮಾಚುವುದು ಓದುಗರಿಗೆ ಮಾಡುವ ದ್ರೋಹ. ಒಂದು ದಶಕದ ಹಿಂದೆ ಹಳೆಯ ಫ್ಲಾಶ್ ಮತ್ತು ಜಾವಾಗಳ ದೋಷಗಳನ್ನು ಹುಡುಕಿ, ಪುಟ ತೆರೆದ ಮಾತ್ರಕ್ಕೆ ಯಂತ್ರವನ್ನು ವಶಪಡಿಸಿಕೊಳ್ಳುವ ಸಿದ್ಧ ಸಾಧನಗಳನ್ನು ಕಳ್ಳರು ಬಾಡಿಗೆಗೆ ಕೊಡುತ್ತಿದ್ದರು. 'ಬ್ಲಾಕ್‌ಹೋಲ್' ಎಂಬುದು ಅವುಗಳಲ್ಲಿ ಕುಖ್ಯಾತವಾದುದು. ಅದರ ಕರ್ತೃ 2013ರಲ್ಲಿ ರಷ್ಯಾದಲ್ಲಿ ಸೆರೆಸಿಕ್ಕನು.

2016ರ ಆಗಸ್ಟ್ ತಿಂಗಳಲ್ಲಿ ಸಂಯುಕ್ತ ಅರಬ್ ಎಮಿರೇಟಿನ ಮಾನವಹಕ್ಕುಗಳ ಹೋರಾಟಗಾರ ಅಹಮದ್ ಮನ್ಸೂರ್ ಅವರ ಫೋನಿಗೆ, ಸೆರೆಮನೆಗಳಲ್ಲಿ ನಡೆಯುವ ಚಿತ್ರಹಿಂಸೆಯ ರಹಸ್ಯಗಳಿವೆಯೆಂದು ಹೇಳುವ ಲಿಂಕೊಂದು ಬಂದಿತು. ಅವರು ಅದನ್ನು ಒತ್ತದೆ ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬಿಗೆ ಕಳುಹಿಸಿದರು. ಇಸ್ರೇಲಿನ ಎನ್‌ಎಸ್‌ಒ ಸಂಸ್ಥೆಯ ಪೆಗಾಸಸ್ ಎಂಬ ಗೂಢಚಾರ ತಂತ್ರಾಂಶ ಅದರ ಹಿಂದಿತ್ತು. ಐಫೋನಿನಲ್ಲಿ ಅದುವರೆಗೆ ತಯಾರಕರಿಗೇ ತಿಳಿಯದಿದ್ದ ಮೂರು ದೋಷಗಳನ್ನು ಅದು ಒಂದಾದ ಮೇಲೊಂದರಂತೆ ಬಳಸುತ್ತಿತ್ತು. ಅದೇ ತಿಂಗಳ 25ರಂದು ಆಪಲ್ ಆ ಮೂರನ್ನೂ ಮುಚ್ಚಿತು.

ಅಂಥ ಮಾರ್ಗವೊಂದರ ಬೆಲೆ ಎಷ್ಟೆಂಬುದನ್ನು ಗಮನಿಸಬೇಕು: ಐಫೋನನ್ನು ದೂರದಿಂದಲೇ ಭೇದಿಸುವ ವಿಧಾನ ತೋರಿಸಿದವರಿಗೆ 2015ರಲ್ಲಿ ಜೆರೋಡಿಯಂ ಎಂಬ ವ್ಯಾಪಾರಿ ಸಂಸ್ಥೆ 10 ಲಕ್ಷ ಡಾಲರುಗಳ ಬಹುಮಾನವನ್ನು ಸಾರಿತ್ತು. ಅಷ್ಟು ಬೆಲೆಬಾಳುವ ಅಸ್ತ್ರವನ್ನು ಗೆಳೆಯರನ್ನು ಬೆಚ್ಚಿಬೀಳಿಸುವ ನಗೆಯಾಟಕ್ಕೆ ಯಾರೂ ಖರ್ಚುಮಾಡರು. ಪತ್ರಕರ್ತರು, ಹೋರಾಟಗಾರರು, ಅಧಿಕಾರಸ್ಥಾನದಲ್ಲಿರುವವರು ಒಂದು ಕ್ಲಿಕ್ಕಿಗೂ ಅಂಜಬೇಕು. ಉಳಿದವರಿಗೆ, ಬ್ರೌಸರಿನ ಮತ್ತು ಫೋನಿನ ತಿದ್ದುಪಡಿಗಳನ್ನು ಬಂದಬಂದಂತೆ ಹಾಕಿಕೊಳ್ಳುವುದು ಬಹುಪಾಲು ಸಾಕಾದೀತು. ವರ್ಷಗಟ್ಟಲೆ ತಿದ್ದುಪಡಿ ಕಾಣದ ಹಳೆಯ ಯಂತ್ರದವರಿಗೆ ಮಾತ್ರ ಈ ಭರವಸೆಯನ್ನು ಕೊಡಲಾಗದು.

ಎರಡನೆಯ ಹೆಜ್ಜೆ

ನಿಜವಾದ ಲೂಟಿ ನಡೆಯುವುದು ಇಲ್ಲಿ. ಪರದೆಯ ತುಂಬ ಕೆಂಪು ಬಣ್ಣ ಹರಡಿ, 'ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ, ಆರಿಸಬೇಡಿ, ಕೂಡಲೇ ಈ ಸಂಖ್ಯೆಗೆ ಫೋನ್ ಮಾಡಿ' ಎಂದು ಕೂಗುವ ಪುಟವು, ನಗೆಯಾಟದ ಪುಟದ ಉಪಾಯಗಳನ್ನೇ ಎರವಲು ಪಡೆದಿದೆ: ಮುಚ್ಚಲಾಗದ ಚೌಕ, ನಿಲ್ಲದ ಸದ್ದು, ಪೂರ್ಣಪರದೆಯ ವೇಷ. ನಿಮ್ಮ ಯಂತ್ರವನ್ನು ಶೋಧಿಸಿ ವೈರಸ್ಸುಗಳನ್ನು ಎಣಿಸಿದೆನೆಂದು ಹೇಳುವ ಪುಟವು ಸುಳ್ಳು ಹೇಳುತ್ತಿದೆ. ಯಾವ ಪುಟಕ್ಕೂ ಆ ಸಾಮರ್ಥ್ಯವಿಲ್ಲ. ತನ್ನ ನಿಜವಾದ ಎಚ್ಚರಿಕೆಗಳಲ್ಲಿ ಫೋನ್ ಸಂಖ್ಯೆ ಎಂದೂ ಇರುವುದಿಲ್ಲವೆಂದು ಮೈಕ್ರೋಸಾಫ್ಟ್ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ.

ಆ ಸಂಖ್ಯೆಗೆ ಕರೆಮಾಡಿದವರೊಡನೆ ಸೌಮ್ಯವಾದ ಧ್ವನಿಯೊಂದು ಮಾತನಾಡುತ್ತದೆ. ದೂರದಿಂದ ಯಂತ್ರವನ್ನು ನಡೆಸುವ ತಂತ್ರಾಂಶವೊಂದನ್ನು ಹಾಕಿಸುತ್ತದೆ, ಪ್ರತಿ ವಿಂಡೋಸ್ ಯಂತ್ರದಲ್ಲಿಯೂ ಇರುವ ಸಾಮಾನ್ಯ ದಾಖಲೆಗಳನ್ನು ತೆರೆದು 'ನೋಡಿ, ಎಷ್ಟು ದೋಷಗಳು' ಎಂದು ಮರುಗುತ್ತದೆ, ಕೊನೆಗೆ ಹಣ ಕೇಳುತ್ತದೆ. ನಮ್ಮದೇ ದೇಶದ ನಗರಗಳಲ್ಲಿ ಕುಳಿತು ಅಮೆರಿಕದ ವೃದ್ಧರನ್ನು ಹೀಗೆ ಸುಲಿಯುತ್ತಿದ್ದ ಕಾಲ್ ಸೆಂಟರುಗಳ ಮೇಲೆ ಸಿಬಿಐ ಹಲವು ಸಲ ದಾಳಿ ನಡೆಸಿದೆ. ಬ್ರೌಸರಿನ ಎಲ್ಲ ಕಟ್ಟುಪಾಡುಗಳೂ ಇಲ್ಲಿ ನಿಷ್ಫಲ. ಏಕೆಂದರೆ ಬಾಗಿಲನ್ನು ತೆರೆದವನು ಮನೆಯ ಯಜಮಾನನೇ.

ಭಾರತದಲ್ಲಿ ಈಚೆಗೆ ಹೆಚ್ಚಾಗಿ ಕಾಣುತ್ತಿರುವುದು ಎಪಿಕೆ ಕಡತಗಳ ಹಾವಳಿ. ಮದುವೆಯ ಆಮಂತ್ರಣವೆಂದೋ, ಟ್ರಾಫಿಕ್ ದಂಡದ ಚಲನ್ ಎಂದೋ, ಬ್ಯಾಂಕಿನ ಕೆವೈಸಿ ಎಂದೋ ವಾಟ್ಸ್ಆ್ಯಪ್‌ನಲ್ಲಿ ಬರುವ ಈ ಕಡತವು ಚಿತ್ರವೂ ಅಲ್ಲ, ಪತ್ರವೂ ಅಲ್ಲ. ಆ್ಯಂಡ್ರಾಯ್ಡ್ ಫೋನಿನಲ್ಲಿ ನೆಲೆಯೂರಬಲ್ಲ ಪೂರ್ಣಪ್ರಮಾಣದ ಆ್ಯಪ್. ಅದನ್ನು ಇನ್‌ಸ್ಟಾಲ್ ಮಾಡಿ, ಎಸ್‌ಎಂಎಸ್ ಓದುವ ಅನುಮತಿಯನ್ನು ಕೊಟ್ಟವರ ಒಟಿಪಿಗಳು ಕಳ್ಳರಿಗೆ ಮೊದಲು ಕಾಣುತ್ತವೆ, ಯಜಮಾನರಿಗೆ ಆಮೇಲೆ. ಲಿಂಕನ್ನು ಒತ್ತಿದ್ದಕ್ಕೂ, ಕಡತವನ್ನು ಇಳಿಸಿಕೊಂಡಿದ್ದಕ್ಕೂ, ಅದನ್ನು ಇನ್‌ಸ್ಟಾಲ್ ಮಾಡಿದ್ದಕ್ಕೂ, ಅನುಮತಿ ಕೊಟ್ಟಿದ್ದಕ್ಕೂ ನಡುವೆ ಮೂರು ಹೊಸ್ತಿಲುಗಳಿವೆ. ಯಾವ ಹೊಸ್ತಿಲಲ್ಲಿ ನಿಂತರೂ ಉಳಿಗಾಲವುಂಟು.

ಒತ್ತಿಯಾದ ಮೇಲೆ

ಮೊದಲು ಪುಟವನ್ನು ಮುಚ್ಚತಕ್ಕದ್ದು, ಅದರ ಮೇಲಿರುವ 'ಸರಿ', 'ರದ್ದು' ಮುಂತಾದ ಯಾವ ಗುಂಡಿಯನ್ನೂ ಒತ್ತದೆ. ಪುಟವು ಪರದೆಯನ್ನೆಲ್ಲ ಆವರಿಸಿದ್ದರೆ ಎಸ್ಕೇಪ್ ಕೀಲಿಯನ್ನು ಕೊಂಚ ಹೊತ್ತು ಒತ್ತಿ ಹಿಡಿಯಬೇಕು. ಅದಕ್ಕೂ ಬಗ್ಗದಿದ್ದರೆ ವಿಂಡೋಸಿನಲ್ಲಿ ಕಂಟ್ರೋಲ್, ಆಲ್ಟ್, ಡಿಲೀಟ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರಿನಿಂದ ಬ್ರೌಸರನ್ನು ನಿಲ್ಲಿಸಬಹುದು. ಮತ್ತೆ ತೆರೆದಾಗ ಹಿಂದಿನ ಪುಟಗಳನ್ನು ಮರಳಿ ತರಲೇ ಎಂದು ಬ್ರೌಸರು ಕೇಳಿದರೆ ಬೇಡವೆನ್ನಬೇಕು. ಇಲ್ಲವಾದರೆ ಉಪದ್ರವವು ಮೊದಲಿನಿಂದ ಆರಂಭವಾದೀತು.

ಅನಂತರ ಡೌನ್‌ಲೋಡ್ ಪಟ್ಟಿಯನ್ನು ನೋಡಿ, ನೀವು ಬೇಡದಿದ್ದ ಕಡತವೇನಾದರೂ ಇಳಿದಿದ್ದರೆ ತೆರೆಯದೆ ಅಳಿಸಿ. ಗಾಬರಿಯಲ್ಲಿ ನೋಟಿಫಿಕೇಶನ್‌ಗೆ ಒಪ್ಪಿಗೆ ಕೊಟ್ಟಿದ್ದರೆ, ದಿನವಿಡೀ ಪರದೆಯ ಮೂಲೆಯಲ್ಲಿ ಸುಳ್ಳು ಎಚ್ಚರಿಕೆಗಳು ಚಿಮ್ಮುತ್ತಿರುತ್ತವೆ. ಎಷ್ಟೋ ಜನ ವೈರಸ್ಸೆಂದು ಭಾವಿಸಿ ಯಂತ್ರವನ್ನೇ ಫಾರ್ಮ್ಯಾಟ್ ಮಾಡಿಸುವುದು ಇದನ್ನು ಕಂಡು. ಬ್ರೌಸರಿನ ಸೆಟ್ಟಿಂಗಿನಲ್ಲಿ ಆ ತಾಣದ ಅನುಮತಿಯನ್ನು ತೆಗೆದುಹಾಕಿದರೆ ಅದು ಅಲ್ಲಿಗೆ ನಿಂತುಹೋಗುತ್ತದೆ. ವಿಂಡೋಸಿನೊಡನೆಯೇ ಬರುವ ಡಿಫೆಂಡರಿನಿಂದ ಒಮ್ಮೆ ಪೂರ್ಣ ಶೋಧನೆ ಮಾಡಿಸುವುದು ಮನಸ್ಸಿನ ನೆಮ್ಮದಿಗೂ ಒಳ್ಳೆಯದು.

ಪಾಸ್‌ವರ್ಡನ್ನು ಆ ಪುಟದಲ್ಲಿ ಬರೆದಿದ್ದರೆ ಮಾತ್ರ ಅದನ್ನು ಬದಲಿಸಲೇಬೇಕು. ಅದೂ ಬೇರೆಯ, ವಿಶ್ವಾಸಾರ್ಹವಾದ ಯಂತ್ರದಿಂದ. ಎಪಿಕೆಯನ್ನು ಇನ್‌ಸ್ಟಾಲ್ ಮಾಡಿಯಾಗಿದ್ದರೆ ಸಾವಕಾಶ ಸಲ್ಲದು: ಫೋನಿನ ಇಂಟರ್ನೆಟ್ ಸಂಪರ್ಕವನ್ನು ಕಡಿದು, ಇನ್ನೊಂದು ಫೋನಿನಿಂದ ಬ್ಯಾಂಕಿಗೆ ತಿಳಿಸಿ, ಹಣ ಹೋಗಿದ್ದರೆ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆಮಾಡಬೇಕು. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ಗ್ರಾಹಕನ ಅಜಾಗರೂಕತೆಯಿಂದಲೇ ಹಣ ಹೋಗಿದ್ದರೂ, ಬ್ಯಾಂಕಿಗೆ ವರದಿ ಮಾಡಿದ ತರುವಾಯ ಆಗುವ ನಷ್ಟ ಬ್ಯಾಂಕಿನದು. ಆದುದರಿಂದ ಲಜ್ಜೆಯಿಂದ ಕಳೆಯುವ ಪ್ರತಿಯೊಂದು ಗಂಟೆಯೂ ದುಬಾರಿ.

ಲಜ್ಜೆಯೆಂಬ ಶತ್ರು

ನಮ್ಮ ಕಾನೂನಿನಲ್ಲಿ, ಮಾಹಿತಿ ತಂತ್ರಜ್ಞಾನ ಅಧಿನಿಯಮದ 66ನೆಯ ಪ್ರಕರಣವು ಯಂತ್ರಕ್ಕೆ ವೈರಸ್ ಸೇರಿಸುವಿಕೆ, ಅದರ ಕೆಲಸಕ್ಕೆ ಅಡ್ಡಿಪಡಿಸುವಿಕೆ ಮೊದಲಾದವುಗಳಿಗೆ 3 ವರ್ಷಗಳವರೆಗಿನ ಸೆರೆವಾಸವನ್ನೋ, 5 ಲಕ್ಷ ರೂಪಾಯಿಗಳವರೆಗಿನ ದಂಡವನ್ನೋ, ಎರಡನ್ನೂ ಸೇರಿಸಿಯೋ ವಿಧಿಸುತ್ತದೆ. ಆದರೆ ಅಪ್ರಾಮಾಣಿಕತೆಯಾಗಲಿ ವಂಚನೆಯಾಗಲಿ ಅಲ್ಲಿ ಸಿದ್ಧವಾಗಬೇಕು. ಕಿರಿಕಿರಿಯನ್ನೇ ಅಪರಾಧವೆನ್ನುತ್ತಿದ್ದ 66ಎ ಪ್ರಕರಣವನ್ನು ಸರ್ವೋಚ್ಚ ನ್ಯಾಯಾಲಯ 2015ರ ಮಾರ್ಚ್ 24ರಂದು ರದ್ದುಪಡಿಸಿದೆ. ಅಷ್ಟರಿಂದ ಇಂಥ ಲಿಂಕನ್ನು ಹಂಚುವುದು ಸಾಧುವಾಯಿತೆಂದು ಯಾರೂ ತಿಳಿಯಬಾರದು. ಹೃದ್ರೋಗವಿರುವ ವೃದ್ಧರೋ, ಪರೀಕ್ಷೆಯ ಹಿಂದಿನ ರಾತ್ರಿ ಕುಳಿತ ವಿದ್ಯಾರ್ಥಿಯೋ ಅದನ್ನೊತ್ತಿ ಅನುಭವಿಸುವ ತಳಮಳವು ಕಾನೂನಿನ ಕಣ್ಣಿಗೆ ಬೀಳದಿದ್ದರೂ ನೋವೇ.

ಮೋಸಗಾರರಿಗೆ ವೈರಸ್ಸಿಗಿಂತಲೂ ಹೆಚ್ಚು ಸಹಾಯಮಾಡುವುದು ಮನೆಯವರ ಬಯ್ಗುಳ. ಹದಿಹರೆಯದ ಮಗನು ಬೈಗುಳಕ್ಕೆ ಹೆದರಿ, ತಾನೊತ್ತಿದ ಲಿಂಕಿನ ಸಂಗತಿಯನ್ನು ಬಚ್ಚಿಟ್ಟು ತಾನೇ ಸರಿಪಡಿಸಲು ಹೋಗಿ, 'ವೈರಸ್ ತೆಗೆಯುವ ಆ್ಯಪ್' ಎಂದು ಸಿಕ್ಕಿದ್ದನ್ನು ಹಾಕಿಕೊಳ್ಳುತ್ತಾನೆ. ನಿವೃತ್ತರಾದ ತಂದೆ ಮಕ್ಕಳ ಮುಂದೆ ಸಣ್ಣವರಾಗಬಾರದೆಂದು, ಪರದೆಯ ಮೇಲೆ ಕಂಡ ಸಂಖ್ಯೆಗೆ ಗುಟ್ಟಾಗಿ ಫೋನ್ ಮಾಡುತ್ತಾರೆ. ಆದುದರಿಂದ ಈ ಲೇಖನವನ್ನೋದುವ ಪ್ರತಿಯೊಬ್ಬರಲ್ಲಿಯೂ ನನ್ನದೊಂದು ವಿನಂತಿ: ಮನೆಯಲ್ಲಿ ಯಾರಾದರೂ ಬಂದು 'ಏನನ್ನೋ ಒತ್ತಿಬಿಟ್ಟೆ' ಎಂದು ಹೇಳಿದರೆ, ಏಕೆ ಒತ್ತಿದೆಯೆಂದು ಕೇಳಬೇಡಿರಿ, ಆಮೇಲೆ ಏನೇನು ಮಾಡಿದೆಯೆಂದು ಕೇಳಿರಿ, ಅವರೊಡನೆ ಕುಳಿತು ನೋಡಿರಿ, ಹಣ ಹೋಗಿದ್ದರೆ ಆ ಕ್ಷಣವೇ 1930ಕ್ಕೆ ಕರೆಮಾಡಿರಿ.